ತಿಂಡಿ ಪುಸ್ತಕದ ಸೋಮವಾರ

ನಾವು ಇಪ್ಪತ್ತಾರು ಹುಡುಗಿಯರು ಸೇನೆಗೆ ಸೇರಲು ತಯಾರಾದದ್ದು ಒಂದು ಕಲ್ಯಾಣ ಮಂಟಪದಲ್ಲಿ. ಹಾಸನದಿಂದ ಹೊಳೆನರಸೀಪುರಕ್ಕೆ ಹೋಗುವ ರಸ್ತೆಯಲ್ಲಿ, ಮೊಸಳೆಯ ಕಡೆಗೆ ತಿರುಗುವುದಕ್ಕೆ ಸ್ವಲ್ಪ ಮೊದಲು ಇರುವ ಆ ಕಟ್ಟಡದಲ್ಲಿ ಮದುವೆಗಳು ನಿಂತು ಬಹಳ ಕಾಲವಾಗಿತ್ತು. ಚನ್ನರಾಯಪಟ್ಟಣದ ಕಡೆಯವರಾದ ಒಬ್ಬ ನಿವೃತ್ತ ಸುಬೇದಾರರು ಅದನ್ನು ಬಾಡಿಗೆಗೆ ಹಿಡಿದು, ಸೇನೆಯ ಮಹಿಳಾ ಭರ್ತಿಗೆ ಲಿಖಿತ ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ಓಟ, ಜಿಗಿತ ಮತ್ತು ಶಿಸ್ತನ್ನು ಕಲಿಸುವ ವಸತಿ ಶಿಬಿರ ನಡೆಸುತ್ತಿದ್ದರು. ಬಾಗಿಲುಗಳ ಮೇಲಿದ್ದ ಹಳೆಯ ಬರಹಗಳನ್ನು ಯಾರೂ ಅಳಿಸಿರಲಿಲ್ಲ. ‘ವರನ ಕೋಣೆ’ ಸುಬೇದಾರರ ಕಚೇರಿಯಾಗಿತ್ತು. ‘ವಧುವಿನ ಕೋಣೆ’ಯಲ್ಲಿ ಜ್ವರ ಬಂದವರು, ಕಾಲು ಉಳುಕಿದವರು ಮಲಗುತ್ತಿದ್ದರು. ಉಳಿದವರು ನಡುವಿನ ಹಾಲಿನಲ್ಲಿ, ಧಾರೆ ಎರೆಯುವ ವೇದಿಕೆಯ ಎದುರಿಗೆ, ಸಾಲಾಗಿ ಚಾಪೆ ಹಾಸಿಕೊಳ್ಳುತ್ತಿದ್ದೆವು.

ಗೇಟಿನ ಬೀಗದ ಕೈ ಸುಬೇದಾರರ ಸೊಂಟದಲ್ಲಿರುತ್ತಿತ್ತು. ನಮ್ಮ ಮೊಬೈಲುಗಳು, ಮೂಲ ಅಂಕಪಟ್ಟಿಗಳು, ಭರ್ತಿಯ ಪ್ರವೇಶಪತ್ರಗಳು ವರನ ಕೋಣೆಯ ಬೀರುವಿನಲ್ಲಿದ್ದವು. ಕಳೆದುಹೋಗಬಾರದೆಂಬ ಕಾರಣಕ್ಕೆ ಅವರು ಇಟ್ಟುಕೊಂಡಿದ್ದರು, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಆ ಬೀರುವಿನ ಮುಂದೆ ನಿಂತಾಗಲೆಲ್ಲ, ನನ್ನ ಹದಿನೈದು ವರ್ಷಗಳ ಓದು ಒಳಗಿದೆ, ನಾನು ಹೊರಗಿದ್ದೇನೆ ಎಂದು ಅನ್ನಿಸುತ್ತಿತ್ತು.

ನಮ್ಮ ಮನೆಯಲ್ಲಿ ಪದವಿ ಓದಿದವಳು ನಾನೇ ಮೊದಲು. ಹರದನಹಳ್ಳಿಯಿಂದ ಆಚೆಗಿರುವ ನಮ್ಮೂರಿನಿಂದ ದಿನವೂ ಎರಡು ಬಸ್ಸು ಬದಲಿಸಿ ಹಾಸನದ ಕಾಲೇಜಿಗೆ ಹೋಗಿ ಬಿ.ಎಸ್ಸಿ. ಮುಗಿಸಿದೆ. ಮೊದಲನೆಯ ವರ್ಷ ತರಗತಿಯಲ್ಲಿ ಎದ್ದು ನಿಂತು ಪಾಠ ಓದುವಾಗ ‘ಹಾಸನ’ ಎಂಬುದನ್ನು ‘ಆಸನ’ ಎಂದು ಓದಿದ್ದೆ. ಅಧ್ಯಾಪಕರು, “ಕೂತ್ಕೊಳ್ಳಮ್ಮ, ಆಸನ ಹಿಂದೆನೇ ಇದೆ” ಎಂದರು. ತರಗತಿ ನಕ್ಕಿತು. ಅಂದಿನಿಂದ ನಾನು ಹಕಾರವನ್ನು ಎಲ್ಲಿಯೂ ಬಿಡುತ್ತಿರಲಿಲ್ಲ. ಮಾತನಾಡುವ ಮೊದಲು ವಾಕ್ಯವನ್ನು ಮನಸ್ಸಿನಲ್ಲಿ ಒಮ್ಮೆ ಬರೆದು, ತಿದ್ದಿ, ನಂತರ ಹೇಳುವುದು ಅಭ್ಯಾಸವಾಯಿತು. ಪದವಿ ಮುಗಿಯುವಷ್ಟರಲ್ಲಿ ಭರ್ತಿಯ ವಯೋಮಿತಿ ಹತ್ತಿರ ಬಂದಿತ್ತು. ಆ ವರ್ಷ ಓಡದಿದ್ದರೆ ಮತ್ತೊಮ್ಮೆ ಅರ್ಜಿ ಹಾಕುವಂತಿರಲಿಲ್ಲ.

ಶಿಬಿರದ ಹುಡುಗಿಯರಲ್ಲಿ ಹೆಚ್ಚಿನವರು ಪಿ.ಯು. ಮುಗಿಸಿದವರು. ನಾನು ಪದವೀಧರೆ, ಅಕ್ಷರ ದುಂಡಗಿದೆ ಎಂಬ ಕಾರಣಕ್ಕೆ ಸುಬೇದಾರರು ನನ್ನನ್ನು ‘ರೈಟರ್’ ಮಾಡಿದರು. ಹಾಜರಿ, ಓಟದ ಸಮಯ, ಭೇಟಿಗೆ ಬಂದವರ ವಿವರ, ಮೂರು ಹೊತ್ತಿನ ಊಟ ತಿಂಡಿ, ಇವೆಲ್ಲಕ್ಕೂ ಒಂದೊಂದು ಪುಸ್ತಕವಿತ್ತು. ತಿಂಡಿ ಪುಸ್ತಕದ ವಿಷಯದಲ್ಲಿ ಅವರು ಬಹಳ ಕಟ್ಟುನಿಟ್ಟು. ಹಿಂದಿನ ಶಿಬಿರದಲ್ಲಿ ಉಪವಾಸವಿದ್ದ ಹುಡುಗಿಯೊಬ್ಬಳು ಓಡುವಾಗ ಪ್ರಜ್ಞೆ ತಪ್ಪಿ ಬಿದ್ದು ಹಲ್ಲು ಮುರಿದುಕೊಂಡಿದ್ದಳಂತೆ. ಹಾಗಾಗಿ ಮೊದಲ ದಿನವೇ ಹೇಳಿಬಿಟ್ಟಿದ್ದರು.

“ವ್ರತ ಗಿತ ಎಲ್ಲ ಮನೇಲಿ. ಇಲ್ಲಿ ಎಲ್ಲರೂ ರಂಗ್ರೂಟು. ರಂಗ್ರೂಟು ಅಂದ್ರೆ ಹೊಸ ಸಿಪಾಯಿ. ಸಿಪಾಯಿ ಮುಂದೆ ತಟ್ಟೆ ಬಂದ್ರೆ ತಿನ್ನಬೇಕು. ತಿಂಡಿ ಬಿಟ್ಟೋರು ಅವತ್ತೇ ಗಂಟು ಮೂಟೆ ಕಟ್ಟಬೇಕು. ಬೇಟಾ, ಟಿಕ್ ಹಾಕೋದು ನಿನ್ನ ಜವಾಬ್ದಾರಿ.”

ನನ್ನ ಪಕ್ಕದ ಚಾಪೆ ಅರಕಲಗೂಡಿನ ಕಡೆಯ ಹುಡುಗಿಯದು. ಹತ್ತೊಂಬತ್ತು ವರ್ಷ, ನಮ್ಮೆಲ್ಲರಿಗಿಂತ ವೇಗವಾಗಿ ಓಡುತ್ತಿದ್ದವಳು. ಅವರದು ಶಿವನಿಗೆ ನಡೆದುಕೊಳ್ಳುವ ಮನೆತನ. ಅವಳೂ ಅವಳಂತಹದೇ ಮನೆಗಳಿಂದ ಬಂದ ಇನ್ನೂ ಮೂವರೂ ಚಿಕ್ಕಂದಿನಿಂದ ಸೋಮವಾರ ಒಪ್ಪತ್ತು ಇರುವವರು. ಹಗಲೆಲ್ಲ ನೀರು, ಸಂಜೆ ದೀಪ ಹಚ್ಚಿದ ಮೇಲೆ ಒಂದೇ ಊಟ. ಮೊದಲ ಸೋಮವಾರ ತಿಂಡಿಯ ಸಾಲಿನಲ್ಲಿ ಅವಳು ನನ್ನ ಕಿವಿಯ ಹತ್ತಿರ ಬಗ್ಗಿದಳು.

“ಅಕ್ಕ, ಇವತ್ತು ಸ್ವಾಮಾರ ಕಣಕ್ಕ. ನಾವ್ ನಾಕ್ ಜನ ತಿನ್ನಕ್ಕಿಲ್ಲ. ತಟ್ಟೆಗ್ ಆಕುಸ್ಕತೀವಿ, ಆಮೇಲ್ ಪಕ್ಕದೋರ್ಗೆ ದಾಟುಸ್ಬುಡ್ತೀವಿ. ಆಯ್ತು ಅಂತ ಬರ್ಕಬುಡು.”

“ಹಾಗೆ ಬರೆಯಲು ಬರುವುದಿಲ್ಲ” ಎಂದೆ.

“ಬರ್ದೆ ಇದ್ರೆ ನಮ್ಮೂರ್ ಬಸ್ಸು ಅತ್ತುಸ್ತಾರೆ. ಓಡಾಗ ನಾನೇನ್ ಬೀಳ್ತೀನಾ, ನೀನೇ ನೋಡಿದ್ದೀಯಲ್ಲ. ನಿನ್ನ ಪುಸ್ತಕನ ಯಾವ ಶಿವ ಬಂದ್ ಓದಾನು.”

ನಾನು ಟಿಕ್ ಹಾಕಿದೆ. ನಮ್ಮ ಕಡೆ ಊಟ ಆಯ್ತಾ ಎಂದು ಕೇಳಿದರೆ ಆಯ್ತು ಎನ್ನುವುದು ರೂಢಿ. ಹೊಟ್ಟೆ ಖಾಲಿಯಿದ್ದರೂ ಆಯ್ತು ಎನ್ನುತ್ತೇವೆ, ಕೇಳಿದವರಿಗೆ ತೊಂದರೆಯಾಗಬಾರದೆಂದು. ಅದನ್ನು ಯಾರೂ ಸುಳ್ಳೆಂದು ಎಣಿಸುವುದಿಲ್ಲ. ಅದನ್ನೇ ಪುಸ್ತಕದಲ್ಲಿ ಬರೆದರೆ ಮಾತ್ರ ಬೇರೆಯಾಗುತ್ತದೆ ಎಂಬುದು ನನಗೆ ಆಗ ಹೊಳೆಯಲಿಲ್ಲ. ಆರು ಸೋಮವಾರ ಆ ನಾಲ್ವರ ಹೆಸರಿನ ಮುಂದೆ ಟಿಕ್ ಹಾಕಿದೆ. ಅರಕಲಗೂಡಿನವಳ ಪಾಲು ನನ್ನ ತಟ್ಟೆಗೆ ಬೀಳುತ್ತಿತ್ತು.

ಬೆಂಗಳೂರಿನಲ್ಲಿ ನಡೆಯಲಿದ್ದ ಭರ್ತಿಗೆ ಇನ್ನು ಹತ್ತು ದಿನವಿರುವಾಗ ಒಂದು ಭಾನುವಾರ ಮನೆಯವರು ಬಂದು ನೋಡಲು ಅವಕಾಶ ಸಿಕ್ಕಿತು. ಎಲ್ಲರ ಮನೆಯವರಿಗಿಂತ ಮೊದಲು ಬಂದವಳು ನಮ್ಮ ಅವ್ವ. ಅವ್ವ ನಮ್ಮೂರಿನ ಶಾಲೆಯಲ್ಲಿ ಬಿಸಿಯೂಟ ಮಾಡುವವಳು. ಹದಿಮೂರು ವರ್ಷದಿಂದ ಅಲ್ಲಿಯ ಮುಖ್ಯ ಅಡುಗೆಯವಳು. ಅಪ್ಪ ತೀರಿಹೋದ ಮೇಲೆ ನಮ್ಮ ಮನೆ ನಡೆದದ್ದೂ ನಾನು ಓದಿದ್ದೂ ಆ ಕೆಲಸದಿಂದ. ಅಂದು ಅವಳು ಬಾಳೆಲೆ ಹಾಸಿದ ಎರಡು ಬುಟ್ಟಿಗಳಲ್ಲಿ ಒತ್ತು ಶಾವಿಗೆಯನ್ನೂ, ದೊಡ್ಡ ಸ್ಟೀಲ್ ಕ್ಯಾನಿನಲ್ಲಿ ಕಾಯಿಹಾಲನ್ನೂ ತಂದಿದ್ದಳು. ಬೆಳಗಿನ ಜಾವ ಎದ್ದು, ಪಕ್ಕದ ಮನೆಯವರನ್ನು ಕರೆದು ಶಾವಿಗೆ ಒರಳಿನಲ್ಲಿ ಒತ್ತಿಸಿದ್ದಳಂತೆ.

“ಇಷ್ಟೊಂದು ಯಾಕವ್ವ” ಎಂದು ಕೇಳಿದೆ.

“ಅರವತ್ ಮಕ್ಳಿಗ್ ಬೇಯ್ಸಿ ಬೇಯ್ಸಿ, ಕಮ್ಮಿ ಮಾಡದೇ ಮರ್ತೋಗದೆ ಕಣವ್ವ. ಎಲ್ರುನೂ ಕರಿ.”

ಶಾಲೆಯಲ್ಲಿ ಮಕ್ಕಳಿಗೆ ಬಡಿಸುವ ಮೊದಲು ಅಡುಗೆಯವರು ತಿಂದು ನೋಡಬೇಕು, ಅದನ್ನು ಪುಸ್ತಕದಲ್ಲಿ ಬರೆಯಬೇಕು ಎಂಬ ನಿಯಮವಿದೆ. ಅವ್ವನಿಗೆ ಅದು ಮೈಗೂಡಿಬಿಟ್ಟಿದೆ. ಅಂದೂ ಒಂದು ತುತ್ತು ಕಾಯಿಹಾಲಿನಲ್ಲಿ ಅದ್ದಿ ನಿಂತುಕೊಂಡೇ ತಿಂದು, ಸ್ವಲ್ಪ ಹೊತ್ತು ಕಾದು, ಆಮೇಲೆ ಬಡಿಸಿದಳು. ಇಪ್ಪತ್ತಾರು ಮಂದಿಯೂ ತಿಂದರು. ಅರಕಲಗೂಡಿನವಳು ಮೂರು ಸಲ ಹಾಕಿಸಿಕೊಂಡಳು. ಕ್ಯಾನಿನ ತಳದಲ್ಲಿ ಸ್ವಲ್ಪ ಕಾಯಿಹಾಲು ಉಳಿದಿತ್ತು.

“ಅಮ್ಮಾ, ಇದು ನಂಗಿರ್ಲಿ. ನಾಳೆ ಸಾಯಂಕಾಲ ಒಪ್ಪತ್ ಬಿಡಾಗ ತಿನ್ತೀನಿ” ಎಂದಳು.

“ನಾಳೆಗಂಟ ಮಡಗ್ಬ್ಯಾಡ ಮಗ. ಕಾಯಾಲು ನಿಲ್ಲಕ್ಕಿಲ್ಲ. ಇವತ್ತೇ ಕುಡ್ಕಂಡ್ ಕ್ಯಾನ್ ತೊಳ್ದಿಡು.”

“ಊ ಕಣಮ್ಮ, ಆಯ್ತು” ಎಂದಳು ಅವಳು.

ಹೊಟ್ಟೆ ತುಂಬ ಶಾವಿಗೆ ತಿಂದಿದ್ದರಿಂದ ಶಿಬಿರದ ಊಟಕ್ಕೆ ಯಾರೂ ಏಳಲಿಲ್ಲ. ಬಂದವರಿಗೂ ಸೇರಿಸಿ ಮಾಡಿದ್ದ ಅನ್ನ ಕೊಳದಪ್ಪಲೆಯಲ್ಲಿ ಹಾಗೆಯೇ ಉಳಿಯಿತು. ಹೊರಡುವ ಮೊದಲು ಅವ್ವ ಕೈ ತೊಳೆಯಲು ಅಡುಗೆಮನೆಗೆ ಹೋದವಳು ಅದನ್ನು ಕಂಡಳು. ಮುಚ್ಚಳ ಬಿಗಿಯಾಗಿತ್ತು, ಅಂಚಿನಿಂದ ನೀರು ಹನಿಯುತ್ತಿತ್ತು.

“ಅಣ್ಣ, ಮುಚ್ಳ ವಾರೆ ಮಾಡಿ. ಅನ್ನ ಬೆವತ್ರೆ ಅಳಸೋಯ್ತದೆ. ನಮ್ ಇಸ್ಕೂಲಲ್ಲಿ ನಾನಂಗೇ ಮಾಡದು” ಎಂದು ಅಡುಗೆಯವರಿಗೆ ಹೇಳಿದಳು.

“ಅಕ್ಕ, ನಿಮ್ದು ಇಸ್ಕೂಲು, ಇದು ಮಿಲ್ಟ್ರಿ. ಇಲ್ಲಿ ಅನ್ನನೂ ಅಟೆನ್ಷನ್ನಲ್ಲೇ ನಿಂತಿರ್ತದೆ” ಎಂದರು ಅವರು. ಅವ್ವನೂ ನಕ್ಕಳು.

ಮರುದಿನ ಬೆಳಿಗ್ಗೆ ಓಟ ಮುಗಿಸಿ ಬಂದಾಗ ತಿಂಡಿಗೆ ಚಿತ್ರಾನ್ನವಿತ್ತು. ಉಳಿದ ಅನ್ನವನ್ನು ಚಿತ್ರಾನ್ನ ಮಾಡದ ಮನೆ ನಮ್ಮ ಸೀಮೆಯಲ್ಲಿಲ್ಲ, ಆದ್ದರಿಂದ ಯಾರಿಗೂ ಏನೂ ಅನ್ನಿಸಲಿಲ್ಲ. ನಿಂಬೆಹಣ್ಣನ್ನು ಧಾರಾಳವಾಗಿ ಹಿಂಡಿದ್ದರು. ಸೋಮವಾರವಾದ್ದರಿಂದ ಅರಕಲಗೂಡಿನವಳ ಪಾಲೂ ನನ್ನ ತಟ್ಟೆಗೆ ಬಂತು. ನಾನು ಇಪ್ಪತ್ತಾರು ಟಿಕ್ ಹಾಕಿ ಪುಸ್ತಕ ಮುಚ್ಚಿದೆ.

ಹತ್ತು ಗಂಟೆಗೆ ಸಾಮಾನ್ಯ ಜ್ಞಾನದ ತರಗತಿ ನಡೆಯುತ್ತಿದ್ದಾಗ ಮುಂದಿನ ಸಾಲಿನ ಒಬ್ಬಳು ಬಾಯಿಗೆ ಕೈ ಅಡ್ಡ ಹಿಡಿದು ಓಡಿದಳು. ಅವಳ ಹಿಂದೆ ಇನ್ನಿಬ್ಬರು. ನಾನು ನಾಲ್ಕನೆಯವಳು. ಹನ್ನೊಂದರ ಹೊತ್ತಿಗೆ ಹತ್ತೊಂಬತ್ತು ಮಂದಿ ವಾಂತಿ ಮಾಡುತ್ತಿದ್ದೆವು. ಇದ್ದದ್ದು ನಾಲ್ಕು ಶೌಚಾಲಯ. ಬಾಗಿಲ ಮುಂದೆ ಹೊಟ್ಟೆ ಹಿಡಿದುಕೊಂಡು ಸಾಲು ನಿಂತೆವು.

“ಲೇ, ಬೇಗ ಬಾರೆ. ಒಳಗೇನ್ ಪರೇಡ್ ಮಾಡ್ತಿದ್ದೀಯಾ” ಎಂದು ಒಬ್ಬಳು ಬಾಗಿಲು ಬಡಿದಳು.

“ನಿಂತ್ಕಂಡ್ರೆ ತಾನೆ ಪರೇಡು” ಎಂದು ಒಳಗಿನಿಂದ ಉತ್ತರ ಬಂತು. ನಗಲು ಹೋಗಿ ನಾನು ಮತ್ತೊಮ್ಮೆ ವಾಂತಿ ಮಾಡಿಕೊಂಡೆ.

ಸರ್ಕಾರಿ ಆಸ್ಪತ್ರೆಯಿಂದ ವೈದ್ಯರು ಬಂದರು. ತೀರ ಸೋತಿದ್ದ ಇಬ್ಬರನ್ನು ಹಾಸನಕ್ಕೆ ಕಳುಹಿಸಿ ಡ್ರಿಪ್ ಹಾಕಿಸಿದರು. ಉಳಿದವರಿಗೆ ಓ.ಆರ್.ಎಸ್. ನೀರು ಕುಡಿಸಿದರು. ಮಧ್ಯಾಹ್ನ ಆರೋಗ್ಯ ಇಲಾಖೆಯಿಂದ ಮಹಿಳಾ ಅಧಿಕಾರಿಯೊಬ್ಬರು ತನಿಖೆಗೆ ಬಂದರು. ಅವರು ಬರುವ ವೇಳೆಗೆ ಅಡುಗೆಯವರು ಚಿತ್ರಾನ್ನದ ಪಾತ್ರೆಯನ್ನು ಉಜ್ಜಿ ಬೋರಲು ಹಾಕಿದ್ದರು. ಅಗುಳೂ ಉಳಿದಿರಲಿಲ್ಲ. ನಡುವಿನ ಹಾಲಿನಲ್ಲಿ ಹುಡುಕುವಾಗ ಅರಕಲಗೂಡಿನವಳ ಚಾಪೆಯ ತಲೆದೆಸೆಯಲ್ಲಿ ನಮ್ಮ ಅವ್ವನ ಕ್ಯಾನು ಸಿಕ್ಕಿತು. ಮುಚ್ಚಳ ತೆಗೆದಾಗ ಹುಳಿ ವಾಸನೆ ಹೊಡೆಯಿತು. ಅಧಿಕಾರಿಗಳು ಅದರಲ್ಲಿದ್ದ ಕಾಯಿಹಾಲನ್ನು ಶೀಶೆಗೆ ಹಾಕಿ ಮುದ್ರೆ ಒತ್ತಿದರು. ಸಿಕ್ಕ ಮಾದರಿ ಅದೊಂದೇ.

ನಂತರ ನನ್ನ ತಿಂಡಿ ಪುಸ್ತಕವನ್ನು ತರಿಸಿಕೊಂಡು ಬಹಳ ಹೊತ್ತು ನೋಡಿದರು.

“ಹೊತ್ತು ನೋಡಿದ್ರೆ ನನಗೆ ಬೆಳಗಿನ ತಿಂಡಿ ಮೇಲೇ ಅನುಮಾನ” ಎಂದರು. “ಆದ್ರೆ ಎಲ್ಲರೂ ಶಾವಿಗೆನೂ ತಿಂದಿದ್ದಾರೆ, ಎಲ್ಲರೂ ಚಿತ್ರಾನ್ನನೂ ತಿಂದಿದ್ದಾರೆ ಅಂತ ನಿಮ್ಮ ಪುಸ್ತಕ ಹೇಳ್ತಿದೆ. ಒಂದನ್ನ ತಿಂದು ಇನ್ನೊಂದನ್ನ ಬಿಟ್ಟೋರು ಒಬ್ಬರಾದ್ರೂ ಇದ್ರೆ ತೂಗಿ ನೋಡಬಹುದಿತ್ತು. ಅನುಮಾನವನ್ನ ವರದಿ ಅಂತ ಬರೆಯೋಕಾಗಲ್ಲ. ನಾಳೆ ಸಾಯಂಕಾಲ ಬರ್ತೀನಿ, ಹೇಳಿಕೆ ತಯಾರಿಟ್ಟಿರಿ.”

ಅವರ ಮಾತು ಮುಗಿಯುವ ಮೊದಲೇ ನಾನು ಎಲ್ಲರೂ ಮಲಗಿದ್ದ ಹಾಲಿನತ್ತ ನೋಡಿದ್ದೆ. ಕಾಯಿಲೆಯಾಗದೆ ಓಡಾಡುತ್ತ ನಮಗೆಲ್ಲ ನೀರು ಕೊಡುತ್ತಿದ್ದವರು ಏಳು ಮಂದಿ. ಅವರಲ್ಲಿ ಮೂವರು ಚಿತ್ರಾನ್ನ ತಿಂದೂ ಹೇಗೋ ದಕ್ಕಿಸಿಕೊಂಡವರು. ಮಿಕ್ಕ ನಾಲ್ವರು ಸೋಮವಾರದವರು. ಅವ್ವನ ಶಾವಿಗೆಯನ್ನು ಹೊಟ್ಟೆ ತುಂಬ ತಿಂದು, ಚಿತ್ರಾನ್ನವನ್ನು ಮುಟ್ಟದೆ ಇದ್ದ ಆ ನಾಲ್ವರಲ್ಲಿ ಒಬ್ಬಳಿಗೂ ತಲೆಸುತ್ತು ಸಹ ಇರಲಿಲ್ಲ. ಅಧಿಕಾರಿಗಳಿಗೆ ಬೇಕಾದ ತಕ್ಕಡಿ ಅಲ್ಲೇ ನಡೆದಾಡುತ್ತಿತ್ತು. ಅದನ್ನು ಕಾಣದಂತೆ ಮುಚ್ಚಿದ್ದು ನನ್ನ ದುಂಡಗಿನ ಟಿಕ್ಕುಗಳು.

ಅವರು ಹೋದ ಮೇಲೆ ಸುಬೇದಾರರು ಗೇಟಿಗೆ ಎರಡನೆಯ ಬೀಗ ಹಾಕಿಸಿದರು. ವರದಿ ಬರುವವರೆಗೆ ಯಾರೂ ಹೊರಗೆ ಹೋಗುವಂತಿಲ್ಲ, ಯಾರೂ ಫೋನ್ ಮಾಡುವಂತಿಲ್ಲ ಎಂದರು. ಕಾಂಪೌಂಡಿನ ಆಚೆ ರಸ್ತೆಯಲ್ಲಿ ಹೊಳೆನರಸೀಪುರದ ಬಸ್ಸುಗಳು ಹೋಗುವ ಸದ್ದು ಕೇಳುತ್ತಿತ್ತು. ಆ ಬಸ್ಸಿನಲ್ಲಿ ಹೋಗಿ ಹೊಳೆನರಸೀಪುರದಲ್ಲಿ ಇನ್ನೊಂದು ಬಸ್ಸು ಹತ್ತಿದರೆ ನಮ್ಮೂರು. ಅವ್ವನಿಗೆ ಇನ್ನೂ ಏನೂ ತಿಳಿದಿರಲಿಲ್ಲ.

ಸಂಜೆ ದೀಪ ಹಚ್ಚಿದ ಮೇಲೆ ಅರಕಲಗೂಡಿನವಳು ಎರಡು ಬಾಳೆಹಣ್ಣು ತಿಂದು ಒಪ್ಪತ್ತು ಬಿಟ್ಟಳು. ನಾನು ವಧುವಿನ ಕೋಣೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದೆ. ಅವಳು ನೀರು ತಂದುಕೊಟ್ಟಳು.

“ನೀವು ನಾಲ್ವರಿಗೂ ಏನೂ ಆಗಲಿಲ್ಲ” ಎಂದೆ.

ಅವಳು ಜಾಣೆ. ಮುಂದಿನ ಮಾತು ನಾನು ಹೇಳಬೇಕಾಗಲಿಲ್ಲ.

“ಯಾರ್ಗೂ ಏಳ್ಬ್ಯಾಡ ಅಕ್ಕ. ಸಾಯೇಬ್ರು ಮನೆಗ್ ಕಳ್ಸ್ಬುಡ್ತಾರೆ. ಶಿಬ್ರದೋರ್ ಜೊತ್ಗಾದ್ರೆ ಮಾತ್ರ ಬೆಂಗ್ಳೂರ್ಗೆ ಓಗು ಅಂತ ನಮ್ಮಪ್ಪ ಒಪ್ಪಿರದು. ಮನೆ ಸೇರುದ್ರೆ ಅಲ್ಲಿಗ್ ಮುಗೀತು.”

“ಅವ್ವನ ಹೆಸರು ಬರುತ್ತದೆ.”

“ಅಷ್ಟ್ ಜನುಕ್ ಪ್ರೀತಿಯಿಂದ ಇಕ್ಕಿದೋರ್ನ ಯಾರ್ ಬಯ್ತಾರೆ ಬಿಡು.” ನನ್ನ ಕೈಯಿಂದ ಲೋಟ ತೆಗೆದುಕೊಳ್ಳುತ್ತ ಮತ್ತೆ ಹೇಳಿದಳು. “ಆ ಕ್ಯಾನು ತೊಳ್ದಿಡಬೇಕಿತ್ತು ನಾನು. ನಿಮ್ಮವ್ವ ಏಳಿದ್ರು.”

ಅವಳಿಗೆ ತಿಳಿಯದ ಒಂದು ಸಂಗತಿ ನನಗೆ ತಿಳಿದಿತ್ತು. ಹೊರಗಿನವರಿಗೆ ಇಕ್ಕಿದ ಊಟದಿಂದ ಹತ್ತೊಂಬತ್ತು ಮಂದಿ ಮಲಗಿದರು ಎಂದು ಸರ್ಕಾರಿ ಕಾಗದದಲ್ಲಿ ಬಂದ ಹೆಂಗಸನ್ನು ಮರುದಿನ ಶಾಲೆಯ ಒಲೆಯ ಮುಂದೆ ಯಾರೂ ನಿಲ್ಲಲು ಬಿಡುವುದಿಲ್ಲ. ಬಿಡಬಾರದು ಕೂಡ. ಆ ನಿಯಮ ಸರಿಯಾಗಿಯೇ ಇದೆ. ಕಾಗದ ಮಾತ್ರ ತಪ್ಪಾಗಿರುತ್ತದೆ.

ಮಂಗಳವಾರ ಬೆಳಿಗ್ಗೆ ಸುಬೇದಾರರು ನನ್ನನ್ನು ವರನ ಕೋಣೆಗೆ ಕರೆಸಿದರು. ಕಾಗದ, ಪೆನ್ನು ಮುಂದಿಟ್ಟರು.

“ಬರೆ ಬೇಟಾ. ಭಾನುವಾರದ ದಿನ ಶಿಬಿರಾರ್ಥಿಯೊಬ್ಬರ ತಾಯಿ ಹೊರಗಿನಿಂದ ತಂದ ಆಹಾರವನ್ನು ಸೇವಿಸಿದ್ದರಿಂದ...”

ನಾನು ‘ತಾಯಿ’ ಎಂಬಲ್ಲಿಗೆ ಬಂದು ನಿಲ್ಲಿಸಿದೆ.

“ಹೆಸರು ಹಾಕ್ತಾ ಇಲ್ಲ ನೋಡು” ಎಂದರು. ಧ್ವನಿ ಗಡುಸಾಗಿರಲಿಲ್ಲ. ಅವರೂ ಹಿಂದಿನ ದಿನದಿಂದ ಸರಿಯಾಗಿ ತಿಂದಿರಲಿಲ್ಲ, ಕಣ್ಣು ಕೆಂಪಾಗಿತ್ತು. “ತಾಯಿ ಅಂತ ಅಷ್ಟೇ. ಅಡುಗೆಮನೆದು ಅಂತ ಬಂದ್ರೆ ಶಿಬಿರ ಮುಚ್ತಾರೆ. ಎಂಟು ದಿನ ಇದೆ ಭರ್ತಿಗೆ. ಇಪ್ಪತ್ತಾರು ಜನ ಎಲ್ಲಿ ಓಡ್ತೀರಾ? ನೀನು ಎಲ್ಲಿ ಓಡ್ತೀಯಾ? ನಿನಗೆ ಮುಂದಿನ ವರ್ಷ ಇಲ್ಲ.”

ಭೇಟಿಗೆ ಬಂದವರ ಪುಸ್ತಕದಲ್ಲಿ ಅವ್ವನ ಹೆಸರು, ಊರು, ತಂದ ಪದಾರ್ಥ ಎಲ್ಲವನ್ನೂ ನಾನೇ ಬರೆದಿದ್ದೆ. ಎರಡು ಕಾಗದಗಳನ್ನು ಜೊತೆಗಿಡಲು ಯಾರಿಗೂ ಕಷ್ಟವಿರಲಿಲ್ಲ. ಹೇಳಿಕೆ ಬರೆದರೆ ಅವ್ವನ ಕೆಲಸ ಹೋಗುತ್ತದೆ. ಪುಸ್ತಕ ಸುಳ್ಳೆಂದರೆ ನಾಲ್ವರು ಹುಡುಗಿಯರು ಮನೆಗೆ ಹೋಗುತ್ತಾರೆ, ಶಿಬಿರ ಮುಚ್ಚಿದರೆ ಎಲ್ಲರೂ ಹೋಗುತ್ತಾರೆ. ಯಾವ ವಾಕ್ಯವನ್ನು ಹೇಗೆ ತಿದ್ದಿದರೂ ಅದರ ಕೊನೆಯಲ್ಲಿ ಯಾರಾದರೊಬ್ಬರು ನಿಂತಿರುತ್ತಿದ್ದರು. ಇನ್ನೂ ಸುಸ್ತಿದೆ, ಸಂಜೆ ಬರೆಯುತ್ತೇನೆ ಎಂದೆ. ಅವರು ನಂಬಿದರು. ಅಷ್ಟರಲ್ಲಿ ಅವ್ವನಿಗೆ ಅವರೇ ಫೋನ್ ಮಾಡಿ, ಹೀಗೆ ಹೀಗೆ ಆಗಿದೆ, ಶಿಬಿರ ನಿಂತರೆ ನಿಮ್ಮ ಮಗಳು ಓಡುವಂತಿಲ್ಲ, ಬಂದು ಒಂದು ಮಾತು ಹೇಳಿ ಹೋಗಿ ಎಂದಿದ್ದರು. ಅದು ನನಗೆ ಆಮೇಲೆ ತಿಳಿಯಿತು.

ಅವ್ವ ಶಾಲೆಯ ಊಟ ಬಡಿಸಿ, ಪಾತ್ರೆ ತೊಳೆದಿಟ್ಟು, ನಾಲ್ಕು ಗಂಟೆಯ ಹೊತ್ತಿಗೆ ಬಂದಳು. ಗೇಟು ತೆರೆದು ಅವಳನ್ನು ಒಳಗೆ ಬಿಟ್ಟುಕೊಂಡು ಮತ್ತೆ ಎರಡೂ ಬೀಗ ಹಾಕಿದರು. ಹಾಲಿನಲ್ಲಿ ಮಲಗಿದ್ದವರನ್ನು ಕಂಡು ಅವಳು ಬಾಗಿಲಲ್ಲೇ ನಿಂತಳು. ಎದುರಿಗೆ ಬಂದ ಅರಕಲಗೂಡಿನವಳನ್ನು, “ನೀನ್ ಉಸಾರಾಗಿದ್ದೀಯಾ ಮಗ? ಊಟ ಆಯ್ತಾ?” ಎಂದು ಕೇಳಿದಳು. ಅವಳು ಆಯ್ತು ಎನ್ನಲಿಲ್ಲ. ತಲೆ ತಗ್ಗಿಸಿಕೊಂಡು ಹೋದಳು.

ಅಧಿಕಾರಿಗಳು ವರನ ಕೋಣೆಯಲ್ಲಿ ಕುಳಿತಿದ್ದರು. ಸುಬೇದಾರರು ಕಿಟಕಿಯ ಬಳಿ ನಿಂತಿದ್ದರು. ಅವ್ವನಿಗೆ ಕುರ್ಚಿ ತೋರಿಸಿದರೂ ಅವಳು ಕೂರಲಿಲ್ಲ.

“ನೀವು ತಂದ ಕಾಯಿಹಾಲು ಕೆಟ್ಟಿರಬಹುದಾ ಅಮ್ಮ?” ಎಂದು ಅಧಿಕಾರಿಗಳು ಕೇಳಿದರು.

“ಇರಬೌದು ಮೇಡಮ್ಮೋರೆ” ಎಂದಳು ಅವ್ವ. “ಬಿಸ್ಲಲ್ಲಿ ಬಸ್ನಾಗೆ ತಂದೆ. ಕಾಯಾಲಲ್ವಾ.”

ಬೆಳಗಿನ ಆರು ಗಂಟೆಗೆ ಹಿಂಡಿ, ಕ್ಯಾನನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ತಾನು ತಿಂದು ನೋಡಿ ಬಡಿಸಿದವಳು ಹೀಗೆ ಹೇಳಿದಳು.

“ನೀವೇನು ಕೆಲಸ ಮಾಡ್ತೀರಿ?”

“ಇಸ್ಕೂಲಲ್ಲಿ ಬಿಸಿಯೂಟ.”

ಅಧಿಕಾರಿಗಳ ಪೆನ್ನು ನಿಂತಿತು. ಸುಬೇದಾರರು ಕಿಟಕಿಯಿಂದ ತಿರುಗಿದರು. ಅದು ಅವರಿಗೂ ಗೊತ್ತಿರಲಿಲ್ಲ.

“ಅದನ್ನೂ ಬರೀಬೇಕಾಗುತ್ತಲ್ಲಮ್ಮ” ಎಂದರು ಅಧಿಕಾರಿಗಳು.

“ಬರ್ಕಳಿ. ನಮ್ಮುಡ್ಗಿನ ಮಾತ್ರ ಓಡಕ್ ಬಿಡಿ.”

‘ನಾನು ನಿರ್ವಹಿಸಿರುವ ಪುಸ್ತಕದಲ್ಲಿ ದೋಷವಿದೆ’ ಎಂಬ ವಾಕ್ಯವನ್ನು ನಾನು ಬೆಳಗಿನಿಂದ ಮನಸ್ಸಿನಲ್ಲಿ ಕಟ್ಟಿ ಇಟ್ಟುಕೊಂಡಿದ್ದೆ. ಅದನ್ನು ಹೇಳುತ್ತೇನೆಯೇ ಇಲ್ಲವೇ ಎಂಬುದು ನನಗೇ ತಿಳಿದಿರಲಿಲ್ಲ. ಬಾಯಿ ತೆರೆದಾಗ ಬಂದದ್ದು ಬೇರೆ.

“ಅದು ಅಂಗಲ್ಲ ಮೇಡಂ” ಎಂದೆ. “ಪುಸ್ತಕ ಸುಳ್ಳು. ನಾಲ್ಕು ಜನ ಚಿತ್ರಾನ್ನ ತಿಂದಿಲ್ಲ.”

“ಯಾರು?”

“ನಾಲ್ಕು ಜನ.”

“ಹೆಸರಿಲ್ಲದ ನಾಲ್ಕು ಜನ ಅಂದ್ರೆ ತಾಯಿನ ಉಳಿಸೋಕೆ ಮಗಳೇ ಹುಟ್ಟಿಸಿದ್ದು ಅಂತಾರೆ. ನಾನೂ ಹಾಗೇ ಅಂದ್ಕೋಬೇಕಾಗುತ್ತೆ.”

ಅರ್ಧಕ್ಕೆ ನಿಲ್ಲಿಸಿದ್ದ ಹೇಳಿಕೆಯ ಕಾಗದ ನನ್ನ ಕೈಯಲ್ಲೇ ಇತ್ತು. ಅದರ ಬೆನ್ನಿಗೆ ನಾಲ್ಕು ಹೆಸರುಗಳನ್ನು ಬರೆದು ಕೊಟ್ಟೆ. ಅಕ್ಷರಗಳು ದುಂಡಗೆಯೇ ಬಂದವು. ಅವ್ವ ನನ್ನನ್ನು ನೋಡುತ್ತಿದ್ದಳು. ಅವಳಿಗೆ ಓದಲು ಬರುವುದು ತನ್ನ ಹೆಸರು ಮತ್ತು ಶಾಲೆಯ ದಾಸ್ತಾನಿನ ಪಟ್ಟಿಯಷ್ಟೇ. ನಾನು ಏನು ಬರೆದೆನೆಂಬುದು ಅವಳಿಗೆ ತಿಳಿಯಲಿಲ್ಲ.

ಅಧಿಕಾರಿಗಳು ನಾಲ್ವರನ್ನೂ ಒಬ್ಬೊಬ್ಬರಾಗಿ ಕರೆಸಿದರು. ಮೊದಲನೆಯವಳು, “ತಿಂಡಿ ಆಯ್ತು ಮೇಡಂ, ಚೆನ್ನಾಗಿತ್ತು” ಎಂದಳು. ಎರಡನೆಯವಳೂ, ಮೂರನೆಯವಳೂ ಹಾಗೆಯೇ ಹೇಳಿದರು. ಹೇಳುವಾಗ ಯಾರೂ ನನ್ನತ್ತ ನೋಡಲಿಲ್ಲ. ಅಧಿಕಾರಿಗಳು ಕಾಗದವನ್ನು ಮೇಜಿನ ಮೇಲೆ ಬೋರಲು ಹಾಕಿದರು. ಹದಿನಾಲ್ಕು ಅಡಿಯ ಆ ಕೋಣೆಯಲ್ಲಿ ನಾನು ಸುಳ್ಳು ಪುಸ್ತಕ ಬರೆದವಳೂ ಆಗಿದ್ದೆ, ಸುಳ್ಳು ಹೆಸರು ಕೊಟ್ಟವಳೂ ಆಗಿದ್ದೆ.

ಕೊನೆಗೆ ಅರಕಲಗೂಡಿನವಳು ಬಂದಳು. ಪ್ರಶ್ನೆ ಕೇಳಿದ ಮೇಲೆ ಅವಳು ಸುಬೇದಾರರನ್ನು ನೋಡಿದಳು, ನಂತರ ಗೋಡೆಯ ಪಕ್ಕದಲ್ಲಿ ಚೀಲ ಹಿಡಿದು ನಿಂತಿದ್ದ ಅವ್ವನನ್ನು ನೋಡಿದಳು.

“ನಿನ್ನೆ ಸ್ವಾಮಾರ ಮೇಡಂ. ನಾನ್ ತಿನ್ನಕ್ಕಿಲ್ಲ” ಎಂದಳು. “ಶಾವಿಗೆ ತಿಂದಿದ್ದೆ. ಮೂರ್ ಸಲ ಆಕುಸ್ಕಂಡೆ. ಕ್ಯಾನಲ್ಲಿ ಮಡಗಿದ್ದು ನಾನೇ, ಅಮ್ಮ ಬ್ಯಾಡ ಅಂದಿದ್ರು.”

ಅವಳು ಹೇಳಿದ ಮೇಲೆ ಉಳಿದ ಮೂವರೂ ಒಪ್ಪಿದರು. ವರದಿಯಲ್ಲಿ, ಹಿಂದಿನ ದಿನದ ಅನ್ನವನ್ನು ಮುಚ್ಚಿಟ್ಟು ಮರುದಿನ ತಯಾರಿಸಿದ ಉಪಾಹಾರವೇ ಕಾರಣವಾಗಿರುವ ಸಂಭವ ಹೆಚ್ಚು ಎಂದು ಬಂತು. ಅಡುಗೆಮನೆಗೆ ಬೀಗ ಬಿತ್ತು, ಶಿಬಿರಕ್ಕೆ ನೋಟಿಸು ಬಂತು. ಆದರೆ ಸುಬೇದಾರರು ಹೆದರಿದಂತೆ ಶಿಬಿರ ಮುಚ್ಚಲಿಲ್ಲ. ಭರ್ತಿಯವರೆಗೆ ಹೊರಗಿನಿಂದ ಇಡ್ಲಿ ತರಿಸಿಕೊಳ್ಳಲು ಒಪ್ಪಿಗೆ ಸಿಕ್ಕಿತು.

ಸುಬೇದಾರರು ಬೈಯಲಿಲ್ಲ. ಪುಸ್ತಕಗಳನ್ನೆಲ್ಲ ನನ್ನಿಂದ ವಾಪಸು ತೆಗೆದುಕೊಂಡರು.

“ತಟ್ಟೆ ಮುಂದೆ ಕೂತು ತಿನ್ನದೇ ಇರೋದು ಅವರ ತಪ್ಪು. ತಿಂದ್ರು ಅಂತ ಬರೆದಿದ್ದು ನಿಂದು” ಎಂದರು. “ಅವರನ್ನ ಕಳಿಸಲೇಬೇಕು ಬೇಟಾ. ಮೊದಲ ದಿನ ಹೇಳಿದ ಮಾತು. ನಿನ್ನ ವಿಷಯ ನಾನು ಮೊದಲ ದಿನ ಹೇಳಿರಲಿಲ್ಲ.”

ನನ್ನನ್ನು ಕಳಿಸಲಿಲ್ಲ. ಅದು ಕ್ಷಮೆಯೋ ಶಿಕ್ಷೆಯೋ ನನಗೆ ಇಂದಿಗೂ ತಿಳಿಯದು.

ಬುಧವಾರ ಬೆಳಿಗ್ಗೆ ಅರಕಲಗೂಡಿನವಳ ಅಪ್ಪ ಬೈಕಿನಲ್ಲಿ ಬಂದರು. ಚಾಪೆ, ಬ್ಯಾಗು ಹಿಂದಕ್ಕೆ ಕಟ್ಟಿಕೊಂಡರು. ಅವಳು ಓಟದ ಶೂಗಳನ್ನು ಲೇಸಿನಿಂದ ಗಂಟು ಹಾಕಿ ಹೆಗಲಿಗೆ ಇಳಿಬಿಟ್ಟುಕೊಂಡಿದ್ದಳು. ಗೇಟಿನವರೆಗೆ ಹೋದೆ. ಹೇಳಬೇಕಾದ ವಾಕ್ಯ ಮನಸ್ಸಿನಲ್ಲಿ ಸಿದ್ಧವಾಗಲಿಲ್ಲ. ಅವಳು ತಿರುಗಿ ನೋಡಲಿಲ್ಲ. ಬೀರುವಿನಿಂದ ಪ್ರವೇಶಪತ್ರ ಅವಳ ಕೈಗೆ ಬಂದಿತ್ತು, ಆದರೆ ಅವಳ ಅಪ್ಪ ಅವಳನ್ನು ಬೆಂಗಳೂರಿಗೆ ಕಳುಹಿಸಲಿಲ್ಲ ಎಂದು ನಂತರ ಕೇಳಿದೆ.

ನಾನು ಹೋದೆ, ಓಡಿದೆ. ನಾಲ್ಕನೆಯ ಸುತ್ತಿನಲ್ಲಿ ಕಾಲು ಸೋತಿತು. ನಿಗದಿತ ಸಮಯ ಮೀರಿತ್ತು.

ಅವ್ವ ಈಗಲೂ ಅದೇ ಶಾಲೆಯಲ್ಲಿ ಅಡುಗೆ ಮಾಡುತ್ತಾಳೆ. ತಾನು ಶಾವಿಗೆ ತಂದದ್ದರಿಂದಲೇ ಅಂದು ಅನ್ನ ಉಳಿಯಿತು ಎಂಬುದು ಅವಳಿಗೆ ಹೊಳೆದಿಲ್ಲ. ನಾನು ಹೇಳಿಲ್ಲ, ಹೇಳುವುದೂ ಇಲ್ಲ. ನನಗೆ ಚನ್ನರಾಯಪಟ್ಟಣದ ಹತ್ತಿರ ಹಾಲು ಪರೀಕ್ಷಿಸುವ ಒಂದು ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿದೆ. ಅಲ್ಲಿಯೂ ಪುಸ್ತಕ ಬರೆಯುತ್ತೇನೆ. ಕಣ್ಣಿನಿಂದ ನೋಡದೆ ಒಂದು ಟಿಕ್ಕನ್ನೂ ಹಾಕುವುದಿಲ್ಲ. ಜೊತೆಯವರು ನನ್ನನ್ನು ನಿಧಾನಿ ಎನ್ನುತ್ತಾರೆ.

ಕಳೆದ ತಿಂಗಳು ಊರಿಗೆ ಹೋಗುವಾಗ ಹೊಳೆನರಸೀಪುರದ ಬಸ್ ನಿಲ್ದಾಣದಲ್ಲಿ ಅವಳನ್ನು ಕಂಡೆ. ಅರಕಲಗೂಡಿನ ಬಸ್ಸಿಗಾಗಿ ಕಾಯುತ್ತಿದ್ದಳು. ಒಂದು ಬಟ್ಟೆ ಅಂಗಡಿಯ ಹೆಸರಿದ್ದ ಸಮವಸ್ತ್ರ ತೊಟ್ಟಿದ್ದಳು, ಕಾಲಲ್ಲಿ ಓಟದ ಶೂಗಳಿದ್ದವು. ನಾನು ಕಂಬದ ಹಿಂದೆ ಸರಿಯುವ ಮೊದಲೇ ಅವಳು ನನ್ನನ್ನು ನೋಡಿಬಿಟ್ಟಳು.

“ಏನಕ್ಕ ರೈಟ್ರು, ಮಾತಾಡ್ಸದೆ ಓಯ್ತೀಯಾ?”

ಹೋಟೆಲಿಗೆ ಕರೆದೆ. ಅವಳು ಬರಲಿಲ್ಲ. ಕಲ್ಲು ಬೆಂಚಿನ ಮೇಲೆ ಅಕ್ಕಪಕ್ಕ ಕುಳಿತೆವು. ನಾನು ಅಂಗಡಿಯಿಂದ ತಂದ ಬನ್ನಿನ ಪೊಟ್ಟಣವನ್ನು ಅವಳ ಕಡೆ ಚಾಚಿದೆ. ಅವಳು ಅದನ್ನು ತೆಗೆದುಕೊಂಡು, ತೆರೆಯದೆ, ಬ್ಯಾಗಿನೊಳಗೆ ಇಟ್ಟುಕೊಂಡಳು. ಅವಳ ಬಸ್ಸು ಬಂತು. ಮೆಟ್ಟಿಲು ಹತ್ತಿ, ಕಂಬಿ ಹಿಡಿದು ತಿರುಗಿದಳು.

“ತಿಂದ್ಲು ಅಂತ ಬರ್ಕಬುಡು ಅಕ್ಕ” ಎಂದಳು.

ಮುಖದಲ್ಲಿ ನಗು ಇತ್ತೋ ಇಲ್ಲವೋ, ಜನರ ನಡುವೆ ಕಾಣಲಿಲ್ಲ. ಬಸ್ಸು ತಿರುವು ದಾಟಿದ ಮೇಲೆ ಅಂದು ಯಾವ ವಾರವೆಂದು ಲೆಕ್ಕ ಹಾಕಿದೆ. ಸೋಮವಾರ.